ಕರು ಹಾಕಿದ ಮೇಲಿನ ತೊಂಬತ್ತು ದಿನಗಳು

ಹಸು ಮತ್ತೆ ಗಬ್ಬ ನಿಲ್ಲಲು ಹೈನುಗಾರರು ಗಮನಿಸಬೇಕಾದ ಅಂಶಗಳು

"ಹಸು ಗೊಡ್ಡು ಬಿದ್ದಿದೆ ಸ್ವಾಮಿ. ಮೂರು ಸಲ ಸೂಜಿ ಕೊಡಿಸಿದ್ದಾಯಿತು. ಮಾರಿಬಿಡೋಣವೆ?"

ಕೆಲವು ವರ್ಷಗಳ ಹಿಂದೆ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಗೆ ರಾಗಿ ತಾಕು ನೋಡಲು ಹೋಗಿದ್ದಾಗ ಒಬ್ಬ ಹೆಣ್ಣುಮಗಳು ನನ್ನನ್ನು ಕೇಳಿದ ಪ್ರಶ್ನೆ ಇದು. ಕೊಟ್ಟಿಗೆಯಲ್ಲಿ ಕಪ್ಪುಬಿಳುಪಿನ ಮಿಶ್ರತಳಿ ಹಸು ನಿಂತಿತ್ತು. ಹಾಲು ಮೂರು ಲೀಟರಿಗೆ ಇಳಿದಿತ್ತು. ಕೊನೆಯ ಸಲ ಸೂಜಿ ಕೊಡಿಸಿದ ಮೇಲೆ ಬೆದೆಯನ್ನೇ ತೋರಿಸಿಲ್ಲ, ಮೂಕಾಗಿದೆ ಎಂದು ಆಕೆ ಹೇಳಿದರು. ದಲ್ಲಾಳಿ ಆಗಲೇ ಬಂದು ಬೆಲೆ ಹೇಳಿ ಹೋಗಿದ್ದ. ನಾನು ರಾಗಿಯ ಯೋಚನೆಯಲ್ಲಿದ್ದೆ. "ಮೇವು ದಂಡ ಏಕೆ, ಕೊಟ್ಟುಬಿಡಿ" ಎಂದುಬಿಟ್ಟೆ.

ಏಳು ತಿಂಗಳ ನಂತರ ಅದೇ ಹಳ್ಳಿಗೆ ಹೋದಾಗ ಆಕೆ ಜಗಳವಾಡಲಿಲ್ಲ, ಸುದ್ದಿ ಮಾತ್ರ ಹೇಳಿದರು. ಮೂರು ಹಳ್ಳಿ ಆಚೆ ಆ ಹಸು ಹೆಣ್ಣುಕರು ಹಾಕಿತ್ತು! ಅಂದರೆ ಮಾರುವ ದಿನವೇ ಅದು ಎರಡು ತಿಂಗಳಿಗೂ ಮೀರಿದ ಗಬ್ಬ. ಬೆದೆ ಬಾರದಿದ್ದುದು ಗೊಡ್ಡುತನದಿಂದಲ್ಲ, ಫಲ ನಿಂತಿದ್ದರಿಂದ. ಯಾವ ದಿನ ಸೂಜಿ ಕೊಡಿಸಿದಿರಿ ಎಂದು ನಾನು ಕೇಳಿರಲಿಲ್ಲ. ಗಬ್ಬದ ಪರೀಕ್ಷೆ ಮಾಡಿಸಿದಿರಾ ಎಂದೂ ಕೇಳಿರಲಿಲ್ಲ. ಆ ಮನೆಯ ಹಾಲಿನ ಬಟವಾಡೆ ನಿಂತದ್ದಕ್ಕೆ ನನ್ನ ಒಂದು ಮಾತು ಕಾರಣವಾಯಿತು.

ಈ ಲೇಖಕ ಪಶುವೈದ್ಯನಲ್ಲ, ಕೃಷಿ ಪದವೀಧರ. ಆದರೆ ಅಂದಿನಿಂದ ಯಾವ ಕೊಟ್ಟಿಗೆಗೆ ಹೋದರೂ ಮೊದಲು ಕೇಳುವುದು ತಾರೀಖು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕಂಡ 'ಗೊಡ್ಡು' ಹಸುಗಳಲ್ಲಿ ಅನೇಕವು ಗೊಡ್ಡಲ್ಲ. ಕರು ಹಾಕಿದ ಮೇಲಿನ ತೊಂಬತ್ತು ದಿನಗಳಲ್ಲಿ ಹೊಟ್ಟೆಗೆ ಸಾಲದೆ, ಕಣ್ಣಿಗೆ ಬೀಳದೆ ಹೋದ ಹಸುಗಳು ಅವು.

ಹಸು ಬದಲಾಯಿತು, ಕೊಟ್ಟಿಗೆಯೂ ಬದಲಾಯಿತು

ಹಿಂದೆ ಹಳ್ಳಿಯ ದನಗಳೆಲ್ಲ ಗೋಮಾಳಕ್ಕೆ ಹೋಗುತ್ತಿದ್ದವು. ಮಂದೆಯಲ್ಲಿ ಹೋರಿ ಇರುತ್ತಿತ್ತು. ಯಾವ ಹಸು ಬೆದೆಗೆ ಬಂದಿದೆ ಎಂಬುದನ್ನು ಹೋರಿಯೇ ಕಂಡುಹಿಡಿಯುತ್ತಿತ್ತು. ಸಂಜೆ ಮನೆಗೆ ಬಂದ ಹಸು ಫಲ ಕಟ್ಟಿಸಿಕೊಂಡೇ ಬರುತ್ತಿತ್ತು. ರೈತನಿಗೆ ಅದರ ಚಿಂತೆ ಇರಲಿಲ್ಲ.

1965ರಲ್ಲಿ ಬೆಂಗಳೂರು ಡೇರಿ ಆರಂಭವಾಯಿತು. ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. 1974ರಿಂದ ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆಯಲ್ಲಿ ಹಳ್ಳಿ ಹಳ್ಳಿಗೂ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದವು. ನಾಟಿ ಹಸುವಿನ ಜಾಗದಲ್ಲಿ ಹತ್ತು, ಹದಿನೈದು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ನಿಂತಿತು. ಇನ್ನೊಂದೆಡೆ ಬಡಾವಣೆ, ಕಾರ್ಖಾನೆ, ರಸ್ತೆಗಳು ಬಂದು, 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವೂ ತೆರೆದು, ಗೋಮಾಳಗಳು ಕರಗಿಹೋದವು. ಹಸು ಈಗ ಹಗಲಿರುಳು ಸಿಮೆಂಟು ನೆಲದ ಮೇಲೆ ಮೊಳದುದ್ದದ ಹಗ್ಗದಲ್ಲಿ ನಿಂತಿದೆ. ಹೋರಿ ಇಲ್ಲ, ಮಂದೆ ಇಲ್ಲ.

ಹಾಲು ಹೆಚ್ಚಾಯಿತು, ಸರಿ. ಆದರೆ ಹೋರಿಯ ಕೆಲಸವನ್ನು ಯಾರು ಮಾಡಬೇಕು? ನಾವೇ ಮಾಡಬೇಕು. ಹೋರಿಯ ಕಣ್ಣು, ಹೋರಿಯ ಮೂಗು ಈಗ ಮನೆಯವರದಾಗಬೇಕು. ಇದನ್ನು ಮರೆತದ್ದೇ ಅರ್ಧ ತೊಂದರೆಗೆ ಮೂಲ.

ಲೆಕ್ಕ ಏನು ಹೇಳುತ್ತದೆ?

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಎಂಬ ಮಾತು ನಿಜವಾಗಬೇಕಾದರೆ 365ರಲ್ಲಿ 280 ಕಳೆಯಿರಿ, ಉಳಿಯುವುದು 85 ದಿನ. ಅಷ್ಟರೊಳಗೆ ಹಸು ಮತ್ತೆ ಗಬ್ಬವಾಗಬೇಕು. ಹೆಚ್ಚು ಹಾಲು ಕೊಡುವ ಹಸುವಿಗೆ ತುಸು ರಿಯಾಯಿತಿ ಕೊಟ್ಟು 13 ತಿಂಗಳಿಗೊಂದು ಕರು ಎಂದಿಟ್ಟುಕೊಳ್ಳಬಹುದು.

ಈಗ ಎರಡು ಹಸುಗಳನ್ನು ಹೋಲಿಸಿ ನೋಡೋಣ. ಒಂದು 13 ತಿಂಗಳಿಗೊಮ್ಮೆ ಕರು ಹಾಕುತ್ತದೆ, ಇನ್ನೊಂದು 18 ತಿಂಗಳಿಗೊಮ್ಮೆ. ಆರೂವರೆ ವರ್ಷಗಳಲ್ಲಿ, ಅಂದರೆ 78 ತಿಂಗಳಲ್ಲಿ, ಮೊದಲನೆಯದು 6 ಕರು ಕೊಟ್ಟರೆ ಎರಡನೆಯದು 4 ಮಾತ್ರ. ಎರಡು ಕರು ಕಡಿಮೆ, ಅಷ್ಟೇ ಅಲ್ಲ. ಕರು ಹಾಕಿದ ಹೊಸದರಲ್ಲಿ ಬರುವ ಹೆಚ್ಚಿನ ಹಾಲಿನ ಕಾಲವೂ ಎರಡು ಸಲ ತಪ್ಪಿತು.

ಹಸುವಿಗೆ ಬೆದೆ ಬರುವುದು 21 ದಿನಕ್ಕೊಮ್ಮೆ. 18ರಿಂದ 24 ದಿನದವರೆಗೂ ವ್ಯತ್ಯಾಸ ಇರಬಹುದು. ಒಂದು ಬೆದೆ ಕಣ್ತಪ್ಪಿದರೆ 21 ದಿನ ನಷ್ಟ. ದಿನಕ್ಕೆ 5 ಕಿಲೋ ರಾಗಿಹುಲ್ಲು, 20 ಕಿಲೋ ಹಸಿ ಮೇವು, 2 ಕಿಲೋ ತಿಂಡಿ ಎಂದರೂ ಆ 21 ದಿನಕ್ಕೆ 105 ಕಿಲೋ ಹುಲ್ಲು, 420 ಕಿಲೋ ಹಸಿ ಮೇವು, 42 ಕಿಲೋ ತಿಂಡಿ ಖರ್ಚು. ಇವುಗಳ ಬೆಲೆ ನಿಮಗೆ ಗೊತ್ತೇ ಇದೆ. ಸಾವಿರ ಅಡಿ ಕೊಳವೆ ಬಾವಿಯ ನೀರಿನಲ್ಲಿ ಬೆಳೆದ ಮೇವನ್ನು ಹೀಗೆ ಕಳೆಯುವುದು ಯಾವ ಜಾಣತನ?

ಕರು ಹಾಕುವ ಮುನ್ನವೇ ಕೆಲಸ ಆರಂಭ

ಮುಂದಿನ ಗಬ್ಬದ ತಯಾರಿ ಕರು ಹಾಕಿದ ಮೇಲೆ ಅಲ್ಲ, ಅದಕ್ಕೆ ಎರಡು ತಿಂಗಳು ಮೊದಲೇ ಶುರುವಾಗಬೇಕು. ಕರು ಹಾಕಲು 60 ದಿನ ಇರುವಾಗ ಹಾಲು ಕರೆಯುವುದನ್ನು ನಿಲ್ಲಿಸಿ ಹಸುವನ್ನು ಬತ್ತಿಸಬೇಕು. "ಎರಡು ಲೀಟರ್ ಬರುತ್ತಿದೆಯಲ್ಲ" ಎಂದು ಕರೆಯುತ್ತಾ ಹೋದರೆ ಹಸು ಬಸವಳಿಯುತ್ತದೆ, ಕೆಚ್ಚಲಿಗೂ ವಿಶ್ರಾಂತಿ ಸಿಗುವುದಿಲ್ಲ.

ಕರು ಹಾಕುವ ಹೊತ್ತಿಗೆ ಹಸು ಬಡಕಲಾಗಿಯೂ ಇರಬಾರದು, ಕೊಬ್ಬಿಯೂ ಇರಬಾರದು. ಪಕ್ಕೆಲುಬುಗಳನ್ನು ದೂರದಿಂದ ಎಣಿಸುವಂತಿದ್ದರೆ ಬಡಕಲು. ಕೈಯಿಂದ ಒತ್ತಿದರೆ ಮಾತ್ರ ತಗಲುವಂತಿದ್ದರೆ ಸರಿಯಾಗಿದೆ. ಬಾಲದ ಬುಡದಲ್ಲಿ ಕೊಬ್ಬು ಗಂಟು ಕಟ್ಟಿದ್ದರೆ ಹೆಚ್ಚಾಯಿತು. ಕೊಬ್ಬಿದ ಹಸು ಕರು ಹಾಕಿದ ಮೇಲೆ ಮೇವು ಬಿಡುತ್ತದೆ, ಬಹು ಬೇಗ ಇಳಿದುಹೋಗುತ್ತದೆ.

ಕೊನೆಯ ಎರಡು ಮೂರು ವಾರ ತಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ ದಿನಕ್ಕೆ 2ರಿಂದ 3 ಕಿಲೋಗೆ ತರುವುದು ಉತ್ತಮ. ಕರು ಹಾಕಿದ ಮೇಲೆ ಕೊಡುವ ತಿಂಡಿಗೆ ಹೊಟ್ಟೆ ಒಗ್ಗಿಕೊಳ್ಳುತ್ತದೆ. ಇನ್ನೊಂದು ಮಾತು. ಕರು ಹಾಕುವ ಮುನ್ನ ಬಲ ಬರಲೆಂದು ಸುಣ್ಣಾಂಶದ ಟಾನಿಕ್ಕನ್ನು ನೀವಾಗಿಯೇ ಕುಡಿಸಬೇಡಿ. ಆ ಕಾಲದಲ್ಲಿ ಹೆಚ್ಚು ಸುಣ್ಣ ಕೊಟ್ಟರೆ ಕರು ಹಾಕಿದೊಡನೆ ಹಾಲುಜ್ವರ ಬರುವ ಸಂಭವವೇ ಹೆಚ್ಚು. ಮೂರನೆಯ ಕರುವಿನಿಂದಾಚೆಗೆ, ಹೆಚ್ಚು ಹಾಲಿನ ಹಸುಗಳಲ್ಲಿ ಇದು ಸಾಮಾನ್ಯ. ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಪಶುವೈದ್ಯರು ಹೇಳಲಿ.

ಕರು ಹಾಕಿದ ಮೊದಲ ಎರಡು ವಾರ

ಹಸು ಕರು ಹಾಕುವ ಜಾಗ ಒಣಗಿರಬೇಕು, ಶುಚಿಯಾಗಿರಬೇಕು. ಸಗಣಿ ಗಂಜಲದ ಮೇಲೆ ಕರು ಹಾಕಿದ ಹಸುವಿನ ಗರ್ಭಕೋಶಕ್ಕೆ ಸೋಂಕು ತಗಲುವುದು ಸುಲಭ. ಅವಸರದಿಂದ ಕರುವನ್ನು ಎಳೆಯಬಾರದು. ಹೆಣಗಾಡುತ್ತಿದ್ದರೆ ಊರಿನ ಕೈ ಬೇಡ, ವೈದ್ಯರನ್ನು ಕರೆಯಿರಿ.

ಮಾಸು (ಸತ್ತೆ) ಸಾಮಾನ್ಯವಾಗಿ ಆರೆಂಟು ಗಂಟೆಗಳಲ್ಲಿ ಬೀಳುತ್ತದೆ. 12 ಗಂಟೆಯಾದರೂ ಬೀಳದಿದ್ದರೆ ಅದು ತಡೆದಿದೆ ಎಂದೇ ತಿಳಿಯಬೇಕು. ಆಗ ಅದಕ್ಕೆ ಕಲ್ಲು ಕಟ್ಟಿ ಜಗ್ಗಿಸುವುದು, ಕೈಹಾಕಿ ಕೀಳುವುದು ಎರಡೂ ಅಪಾಯ. ಬಲವಂತವಾಗಿ ಕಿತ್ತರೆ ಗರ್ಭಕೋಶದ ಒಳಪದರ ಹರಿದು ಕೀವು ತುಂಬುತ್ತದೆ, ಮುಂದಿನ ಗಬ್ಬ ಕಷ್ಟವಾಗುತ್ತದೆ. ಬಿದ್ದ ಮಾಸನ್ನು ಹಸು ತಿನ್ನದಂತೆ ನೋಡಿಕೊಳ್ಳಿ. ಕೆಲವು ಕಡೆ ಅದನ್ನು ಹಾಲು ಬರುವ ಮರಕ್ಕೆ ಕಟ್ಟುವ ರೂಢಿ ಇದೆ. ನಾಯಿ, ಕಾಗೆಗಳು ಎಳೆದಾಡಿ ರೋಗ ಹರಡಬಹುದಾದ್ದರಿಂದ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳುವುದೇ ಒಳ್ಳೆಯದು.

ಮೊದಲ 10ರಿಂದ 15 ದಿನ ಕೆಂಪುಕಂದು ಬಣ್ಣದ ಸ್ರಾವ ಹೋಗುವುದು ಸಹಜ, ಹೆದರಬೇಕಾಗಿಲ್ಲ. ಆದರೆ ಅದು ಕೊಳೆತ ವಾಸನೆ ಬಂದರೆ, ಜ್ವರ ಇದ್ದರೆ, ಹಸು ಮೇವು ಬಿಟ್ಟರೆ ಅಂದೇ ಚಿಕಿತ್ಸೆ ಆಗಬೇಕು. "ತಾನೇ ಹೋಗುತ್ತದೆ" ಎಂದು ಬಿಟ್ಟ ಸೋಂಕು ಮೂರು ತಿಂಗಳ ನಂತರ "ಎಷ್ಟು ಸಲ ಸೂಜಿ ಕೊಡಿಸಿದರೂ ನಿಲ್ಲುತ್ತಿಲ್ಲ" ಎಂಬ ದೂರಾಗಿ ಮರಳಿ ಬರುತ್ತದೆ.

ಗಬ್ಬದ ಆರನೆಯ ತಿಂಗಳ ನಂತರ ಕಂದು ಹಾಕಿದ ಹಸು ಇದ್ದರೆ ಇನ್ನಷ್ಟು ಎಚ್ಚರ ಬೇಕು. ಅದು ಕಂದುರೋಗ, ಅಂದರೆ ಬ್ರುಸೆಲ್ಲಾ, ಇರಬಹುದು. ಮನುಷ್ಯರಿಗೂ ತಗಲುವ ರೋಗ ಇದು. ಬರಿಗೈಯಲ್ಲಿ ಕಂದನ್ನಾಗಲಿ ಮಾಸನ್ನಾಗಲಿ ಮುಟ್ಟಬಾರದು. ಆ ಹಸುವಿನ ರಕ್ತಪರೀಕ್ಷೆ ಮಾಡಿಸಬೇಕು. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಂದೇ ಒಂದು ಸಲ ಹಾಕಿಸುವ ಲಸಿಕೆ ಇದನ್ನು ತಡೆಯುತ್ತದೆ.

ಹೊಟ್ಟೆಗೆ ಏನು, ಎಷ್ಟು?

ಕರು ಹಾಕಿದ ಆರೆಂಟು ವಾರಗಳಲ್ಲಿ ಹಾಲು ಏರಿ ತುದಿ ಮುಟ್ಟುತ್ತದೆ. ಆದರೆ ಹಸುವಿನ ಹಸಿವು ಪೂರ್ತಿ ತೆರೆಯಲು ಹತ್ತು ಹನ್ನೆರಡು ವಾರ ಬೇಕು. ಈ ನಡುವೆ ಹಸು ತಿನ್ನುವುದಕ್ಕಿಂತ ಹೆಚ್ಚು ಕೊಡುತ್ತಿರುತ್ತದೆ. ಕಡಿಮೆ ಬಿದ್ದದ್ದನ್ನು ತನ್ನ ಮೈಯಿಂದಲೇ ತೆಗೆದು ಹಾಲಿಗೆ ಸೇರಿಸುತ್ತದೆ. ಆದಾಯಕ್ಕಿಂತ ಖರ್ಚು ಹೆಚ್ಚಾದ ಮನೆಯಲ್ಲಿ ಮದುವೆ ಮುಂದೂಡುವ ಹಾಗೆ, ಮೈ ಇಳಿಯುತ್ತಿರುವ ಹಸು ಬೆದೆಯನ್ನು ಮುಂದೂಡುತ್ತದೆ. ಅಂಡಾಶಯ ಸುಮ್ಮನಾಗುತ್ತದೆ. ಇಂಥ ಹಸುವಿಗೆ ಬೆದೆ ಬರಿಸುವ ಚುಚ್ಚುಮದ್ದು ಒಂದನ್ನೇ ಕೊಡಿಸಿ ಫಲ ನಿರೀಕ್ಷಿಸುವುದು ಗೊಬ್ಬರ ಕಾಣದ ಹೊಲದಲ್ಲಿ ಬೀಜದ ಚೀಲವನ್ನು ಬೈದಂತೆ.

ಮಿಶ್ರತಳಿ ಹಸುವಿಗೆ ಮೈ ಕಾಪಾಡಿಕೊಳ್ಳಲು ದಿನಕ್ಕೆ ಸುಮಾರು 2 ಕಿಲೋ, ಕೊಡುವ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಸಮತೋಲನ ಪಶು ಆಹಾರ ಬೇಕು. 10 ಲೀಟರ್ ಹಾಲಿನ ಹಸುವಿಗೆ 2 ಮತ್ತು 4 ಸೇರಿ 6 ಕಿಲೋ. ಇದನ್ನು ಒಂದೇ ಸಲ ಸುರಿಯದೆ ಮೂರು ನಾಲ್ಕು ಬಾರಿ ಹಂಚಿ ಕೊಡಿ. ಒಳ್ಳೆಯ ದ್ವಿದಳ ಹಸಿ ಮೇವು ಸಿಗುತ್ತಿದ್ದರೆ ತಿಂಡಿಯನ್ನು ಸ್ವಲ್ಪ ಇಳಿಸಬಹುದು.

ನಮ್ಮ ಭಾಗದ ಮುಖ್ಯ ಮೇವು ರಾಗಿಹುಲ್ಲು. ಭತ್ತದ ಹುಲ್ಲಿಗೆ ಹೋಲಿಸಿದರೆ ಇದು ಎಷ್ಟೋ ಮೇಲು, ಸುಣ್ಣಾಂಶವೂ ಚೆನ್ನಾಗಿದೆ. ಆದರೆ ಸಸಾರಜನಕ ಮತ್ತು ರಂಜಕ ಇದರಲ್ಲಿ ಕಡಿಮೆ. ರಂಜಕ ಕಡಿಮೆಯಾದರೆ ಬೆದೆ ಮಂಕಾಗುತ್ತದೆ. ಗೋಧಿ ಬೂಸಾದಲ್ಲಿ ರಂಜಕ ಹೆಚ್ಚು, ಹಿಂಡಿಯಲ್ಲಿ ಸಸಾರಜನಕ ಹೆಚ್ಚು. ಆದ್ದರಿಂದ ರಾಗಿಹುಲ್ಲಿನ ಜೊತೆ ಇವು ಇದ್ದರೆ ಮಾತ್ರ ಊಟ ಪೂರ್ಣ. ಇದರ ಮೇಲೆ ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಹಾಲು ಹೆಚ್ಚಿದ್ದರೆ ವೈದ್ಯರ ಸಲಹೆಯಂತೆ 100 ಗ್ರಾಂವರೆಗೆ, ಜೊತೆಗೆ ಉಪ್ಪು 30 ಗ್ರಾಂ. ಒಂದೊಂದು ಪ್ರದೇಶದ ಮಣ್ಣು ಮೇವಿನಲ್ಲಿ ಒಂದೊಂದು ಖನಿಜ ಕೊರತೆ ಇರುವುದರಿಂದ, ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಆಯಾ ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣಗಳನ್ನು ರೂಪಿಸಿದ್ದಾರೆ. ಖನಿಜ ಮಿಶ್ರಣ ಔಷಧಿಯಲ್ಲ, ನಾಲ್ಕು ದಿನ ಕೊಟ್ಟು ನಿಲ್ಲಿಸುವಂತಿಲ್ಲ. ಅದು ದಿನದ ಊಟದ ಉಪ್ಪಿದ್ದಂತೆ.

ಹಸಿ ಮೇವಿಗೆ ಐದಾರು ಗುಂಟೆ ಬಿಡಿ ಎಂದರೆ ಕೆಲವರು ಹಿಂದೆಗೆಯುತ್ತಾರೆ. ನೀರು ಗೊಬ್ಬರ ಚೆನ್ನಾಗಿ ಸಿಕ್ಕರೆ ಹೈಬ್ರಿಡ್ ನೇಪಿಯರ್ ಹುಲ್ಲು ಎಕರೆಗೆ ವರ್ಷಕ್ಕೆ ನೂರು ಟನ್ನಿಗೂ ಮೀರಿ ಕೊಡಬಲ್ಲುದು. ಅದರ ಅರ್ಧ ಬಂದರೂ ಆರು ಗುಂಟೆಯಿಂದ ಒಂದು ಹಸುವಿಗೆ ದಿನಕ್ಕೆ 20 ಕಿಲೋ ಮೇವಾಯಿತು. ಬದುವಿನ ಮೇಲೆ ಅಗಸೆ, ನಡುವೆ ಅಲಸಂದೆ, ಕುದುರೆಮೆಂತ್ಯ ಹಾಕಿದರೆ ಸಸಾರಜನಕದ ಕೊರತೆ ನೀಗುತ್ತದೆ. ನಮ್ಮ ಹಿರಿಯರು ರಾಗಿಯಲ್ಲಿ ಅಕ್ಕಡಿ ಸಾಲಾಗಿ ಅವರೆ ಹಾಕುತ್ತಿದ್ದರಲ್ಲ, ಕಾಯಿ ಬಿಡಿಸಿದ ಅವರೆ ಬಳ್ಳಿಯೂ ಒಳ್ಳೆಯ ಮೇವು. ವಿಜಯಪುರದ ಕಡೆಯ ರೇಷ್ಮೆ ಬೆಳೆಗಾರರಿಗೆ ಉಳಿದ ಹಿಪ್ಪುನೇರಳೆ ಸೊಪ್ಪು ಇದ್ದೇ ಇದೆ. ಆದರೆ ಔಷಧಿ ಹೊಡೆದ ತೋಟದ ಸೊಪ್ಪು ಬೇಡ.

ಪಟ್ಟಣಕ್ಕೆ ಹತ್ತಿರವಿರುವ ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಕಲ್ಯಾಣ ಮಂಟಪದ ಉಳಿಕೆ ಅನ್ನವನ್ನು ಹಸುವಿಗೆ ಸುರಿಯುವುದನ್ನು ಕಂಡಿದ್ದೇನೆ. ಬಿಟ್ಟಿ ಸಿಕ್ಕಿತೆಂದು ಬುಟ್ಟಿಗಟ್ಟಲೆ ಅನ್ನ ತಿನ್ನಿಸಿದರೆ ಹೊಟ್ಟೆಯಲ್ಲಿ ಹುಳಿಯೇರಿ ಹಸು ಮಲಗುತ್ತದೆ, ಗೊರಸು ಕೆಡುತ್ತದೆ, ಪ್ರಾಣವೂ ಹೋಗಬಹುದು. ಬದುಕಿದ ಹಸು ಕೂಡ ಆ ಸಲದ ಬೆದೆಗೆ ಬರುವುದು ಅನುಮಾನ.

ನೀರನ್ನು ಮರೆಯಬೇಡಿ. ಕರೆಯುವ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು. ರಾತ್ರಿಯೂ ತೊಟ್ಟಿಯಲ್ಲಿ ನೀರಿರಲಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಏದುಸಿರು ಬಿಡುವ ಹಸು ಬೆದೆಯನ್ನು ಸರಿಯಾಗಿ ತೋರಿಸುವುದಿಲ್ಲ, ಫಲವೂ ಕಡಿಮೆ ನಿಲ್ಲುತ್ತದೆ. ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಹಗಲು ಮರದ ನೆರಳಿಗೆ ಕಟ್ಟಿ, ತಿಂಡಿಯನ್ನು ಬೆಳಗಿನ ಮತ್ತು ರಾತ್ರಿಯ ತಂಪಿನಲ್ಲಿ ಕೊಡಿ.

ಬೆದೆ ಗುರುತಿಸುವುದು ಹೇಗೆ?

ಕರು ಹಾಕಿದ ಗರ್ಭಕೋಶ ಮೊದಲಿನ ಗಾತ್ರಕ್ಕೆ ಕುಗ್ಗಿ ಶುದ್ಧವಾಗಲು 30ರಿಂದ 45 ದಿನ ಬೇಕು. ಮೊದಲ ಬೆದೆ ಅದಕ್ಕೆ ಮುಂಚೆಯೇ ಬರಬಹುದು, ಎಷ್ಟೋ ಸಲ ಸದ್ದಿಲ್ಲದೆ ಬಂದು ಹೋಗುತ್ತದೆ. ಆಗ ಸೂಜಿ ಬೇಡ, ತಾರೀಖು ಮಾತ್ರ ಬರೆದಿಡಿ. 60 ದಿನ ಕಳೆದ ಮೇಲೆ ಬರುವ ಬೆದೆಯಲ್ಲಿ ಸೂಜಿ ಕೊಡಿಸುವುದು ಒಳ್ಳೆಯದು. 60 ದಿನವಾದರೂ ಒಂದು ಬೆದೆಯೂ ಕಾಣದಿದ್ದರೆ ಕಾಯುತ್ತಾ ಕೂರದೆ ಪಶುವೈದ್ಯರಿಗೆ ತೋರಿಸಿ. ಅಂಡಾಶಯ ಕೆಲಸ ಮಾಡುತ್ತಿಲ್ಲವೋ, ಒಳಗೆ ಕೀವಿದೆಯೋ, ಇಲ್ಲವೆ ಬೆದೆ ಬಂದದ್ದು ನಿಮಗೇ ಕಾಣಲಿಲ್ಲವೋ ಎಂಬುದು ಪರೀಕ್ಷೆಯಿಂದ ತಿಳಿಯುತ್ತದೆ.

ಬೆದೆಯ ಗುರುತುಗಳು ನಿಮಗೆ ತಿಳಿಯದವೇನಲ್ಲ. ಹಸು ಕೂಗುತ್ತದೆ, ಮೇವು ಕಡಿಮೆ ಮಾಡುತ್ತದೆ, ಹಾಲು ಇಳಿಸುತ್ತದೆ, ಪದೇ ಪದೇ ಗಂಜಲ ಹೊಯ್ಯುತ್ತದೆ, ಬಾಲ ಎತ್ತುತ್ತದೆ, ಇನ್ನೊಂದು ಹಸುವಿನ ಮೇಲೆ ಹಾರುತ್ತದೆ. ಎಲ್ಲಕ್ಕಿಂತ ಖಚಿತವಾದದ್ದು ಇನ್ನೊಂದು ದನ ತನ್ನ ಮೇಲೆ ಹಾರಿದರೂ ಅಲುಗಾಡದೆ ನಿಲ್ಲುವುದು. ಮೊಟ್ಟೆಯ ಬಿಳಿಯಂತೆ ತಿಳಿಯಾದ, ಹಗ್ಗದಂತೆ ಇಳಿಯುವ ಲೋಳೆ ಒಳ್ಳೆಯ ಬೆದೆಯ ಲಕ್ಷಣ. ಲೋಳೆ ಮಬ್ಬಾಗಿದ್ದರೆ, ಕೀವಿನ ಎಳೆ ಕಂಡರೆ ಸೂಜಿ ಕೊಡಿಸದೆ ಮೊದಲು ಚಿಕಿತ್ಸೆ ಮಾಡಿಸಬೇಕು.

ಆದರೆ ಕಟ್ಟಿದ ಹಸು ಯಾರ ಮೇಲೆ ಹಾರಬೇಕು? ಆದ್ದರಿಂದ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಣ್ಣಿನ ಅಂಗಳದಲ್ಲಿ ಹಸುಗಳನ್ನು ಬಿಡಿ. ಜಾರುವ ಸಿಮೆಂಟಿನ ಮೇಲೆ ಅವು ಹಾರಲು ಹೆದರುತ್ತವೆ. ಬೆದೆ ಹೆಚ್ಚಾಗಿ ಸಂಜೆಯಿಂದ ಮುಂಜಾವಿನ ನಡುವೆ ಕಾಣಿಸಿಕೊಳ್ಳುವುದರಿಂದ ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಗಿನ ಜಾವ ಹಾಲು ಕರೆಯುವ ಮುನ್ನ ಒಮ್ಮೆ ದೀಪ ಹಿಡಿದು ನೋಡಿ. ಬಾಲ, ತೊಡೆಗೆ ಅಂಟಿ ಒಣಗಿದ ಲೋಳೆ ಇದೆಯೇ ಎಂದು ಪರೀಕ್ಷಿಸಿ.

ಬೆದೆಯಾದ ಎರಡು ಮೂರು ದಿನಕ್ಕೆ ಕೆಲವು ಹಸುಗಳಿಗೆ ರಕ್ತದ ಕಲೆ ಕಾಣುತ್ತದೆ. ಅನೇಕರು ಇದನ್ನು ಕಂದು ಹೋಯಿತೆಂದು ತಿಳಿಯುತ್ತಾರೆ. ಅದು ತಪ್ಪು. ಫಲ ನಿಂತಿತು ಎಂದೂ ಅಲ್ಲ, ನಿಲ್ಲಲಿಲ್ಲ ಎಂದೂ ಅಲ್ಲ. ಬೆದೆ ಬಂದು ಹೋಯಿತು ಎಂಬುದಷ್ಟೇ ಅದರ ಅರ್ಥ. ಬೆದೆ ಕಾಣದೆ ರಕ್ತ ಮಾತ್ರ ಕಂಡಿದ್ದರೆ ಅಂದಿನಿಂದ 16ನೇ ದಿನದಿಂದಲೇ ಹಸುವಿನ ಮೇಲೆ ಕಣ್ಣಿಡಿ.

ಸೂಜಿ ಯಾವಾಗ?

ಬೆದೆ 12ರಿಂದ 18 ಗಂಟೆ ಇರುತ್ತದೆ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು ಸುಮಾರು 10ರಿಂದ 12 ಗಂಟೆಗಳಿಗೆ. ಅದರ ಆಯಸ್ಸು ಕೆಲವೇ ಗಂಟೆ. ವೀರ್ಯಾಣುಗಳು ಅದಕ್ಕೆ ಮುಂಚೆಯೇ ಹೋಗಿ ಕಾದಿರಬೇಕು. ಆದ್ದರಿಂದ ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಸೂಜಿ ಕೊಡಿಸುವುದು ಸರಿಯಾದ ಹೊತ್ತು.

ಇಲ್ಲಿ ನಮ್ಮ ಮನೆಗಳ ಒಂದು ಸಂಗತಿ ಹೇಳಲೇಬೇಕು. ಬೆಳಗಿನ ಜಾವ ಐದಕ್ಕೆ ಕೊಟ್ಟಿಗೆಗೆ ಹೋಗಿ ಬೆದೆ ಕಾಣುವವರು ಹೆಂಗಸರು. ಸೂಜಿ ಹಾಕುವವರಿಗೆ ಹೇಳಿಕಳುಹಿಸುವವರು ಗಂಡಸರು. ಗಂಡಸು ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆಯ ಕಾರ್ಖಾನೆ ಕೆಲಸ ಮುಗಿಸಿ ರಾತ್ರಿ ಬರುತ್ತಾನೆ. ಹೇಳಿಕಳುಹಿಸುವುದು ಮರುದಿನ, ಸೂಜಿ ಬೀಳುವುದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ದೂರು ಮಾತ್ರ ಹಸುವಿನ ಮೇಲೆ! ಹಸು ನೋಡಿಕೊಳ್ಳುವ ಹೆಣ್ಣುಮಗಳ ಕೈಯಲ್ಲೇ ಕೃತಕ ಗರ್ಭಧಾರಣೆ ಕಾರ್ಯಕರ್ತರ ದೂರವಾಣಿ ಸಂಖ್ಯೆ ಇರಲಿ, ಕರೆಯುವ ಅಧಿಕಾರವೂ ಆಕೆಗೇ ಇರಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸೂಜಿ ಕೊಡುವಾಗ ನೀವೂ ಎರಡು ವಿಷಯ ಗಮನಿಸಬಹುದು. ವೀರ್ಯದ ಕಡ್ಡಿಯನ್ನು ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿಟ್ಟಿರುತ್ತಾರೆ. ಅದನ್ನು ಹೊರತೆಗೆದು ಸುಮಾರು 37 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಬೇಕು. ಅಂಗೈಯಲ್ಲಿ ಉಜ್ಜುವುದು, ಬಿಸಿಲಿಗೆ ಹಿಡಿಯುವುದು ಸಲ್ಲದು. ಬೆಚ್ಚಗಿನ ನೀರನ್ನು ನೀವೇ ಸಿದ್ಧವಾಗಿಡಿ. ಎರಡನೆಯದಾಗಿ, ಕಡ್ಡಿಯ ಮೇಲಿನ ಹೋರಿಯ ಸಂಖ್ಯೆಯನ್ನು ಬರೆದುಕೊಳ್ಳಿ. ನಾಳೆ ಹುಟ್ಟುವ ಹೆಣ್ಣುಕರುವಿಗೆ ತಂದೆಯದೇ ಕಡ್ಡಿ ಬೀಳದಂತೆ ಅದು ಕಾಯುತ್ತದೆ. ಸೂಜಿಗೆ ಮುನ್ನ ಹಸುವನ್ನು ಓಡಿಸಬೇಡಿ, ಹೊಡೆಯಬೇಡಿ. ಆಮೇಲೆ ನೆರಳಿನಲ್ಲಿ ಕಟ್ಟಿ ನೀರು ಕೊಡಿ.

ಸೂಜಿ ಆದ ಮೇಲೆ 18ರಿಂದ 24ನೇ ದಿನದವರೆಗೆ ಮತ್ತೆ ಬೆದೆ ನೋಡಬೇಕು. ಬೆದೆ ಬಂದರೆ ನಿಂತಿಲ್ಲವೆಂದು ಅರ್ಥ. ಬಾರದಿದ್ದರೆ ನಿಂತಿತೆಂದು ಖಚಿತವಾಗಿ ಹೇಳಲಾಗದು. 60ರಿಂದ 75 ದಿನಕ್ಕೆ ಪಶುವೈದ್ಯರಿಂದ ಗಬ್ಬದ ಪರೀಕ್ಷೆ ಮಾಡಿಸಲೇಬೇಕು. ಬೆದೆ ಸರಿಯಾಗಿ ಬರುತ್ತಿದ್ದು ಮೂರು ಸಲ ಸೂಜಿಗೂ ನಿಲ್ಲದಿದ್ದರೆ ನಾಲ್ಕನೆಯದಕ್ಕೆ ಮುಂಚೆ ತಪಾಸಣೆ ಆಗಲಿ. ಪರೀಕ್ಷೆ ಮಾಡಿಸದೆ ಯಾವ ಹಸುವನ್ನೂ ಗೊಡ್ಡೆಂದು ಮಾರಬೇಡಿ. ಮೊದಲು ಹೇಳಿದ ಹೆಣ್ಣುಮಗಳಿಗೆ ನಾನು ಹೇಳಬೇಕಾಗಿದ್ದ ಮಾತು ಇದೊಂದೇ.

ಗೋಡೆಯ ಮೇಲೆ ಬರೆಯಬೇಕಾದ ಲೆಕ್ಕ

ಪ್ರತಿ ಹಸುವಿಗೂ ಮನೆಯ ಕ್ಯಾಲೆಂಡರಿನಲ್ಲಿ ಈ ಗುರುತುಗಳಿರಲಿ:

ಕರು ಹಾಕಿದ ದಿನ: ತಾರೀಖು, ಮಾಸು ಬಿದ್ದ ಹೊತ್ತು. 12 ಗಂಟೆ ಮೀರಿದರೆ ವೈದ್ಯರಿಗೆ ಕರೆ.

15ನೇ ದಿನ: ಸ್ರಾವ ನಿಂತಿತೇ, ವಾಸನೆ ಇದೆಯೇ ಎಂದು ನೋಡುವುದು.

30ರಿಂದ 45ನೇ ದಿನ: ಮಾಸು ತಡೆದಿದ್ದ, ಕಷ್ಟದಿಂದ ಕರು ಹಾಕಿದ ಹಸುಗಳ ಗರ್ಭಕೋಶ ಪರೀಕ್ಷೆ. ಕಂಡ ಬೆದೆಯ ತಾರೀಖು ಬರೆಯುವುದು.

60ನೇ ದಿನ: ಬೆದೆ ಕಾಣದಿದ್ದರೆ ತಪಾಸಣೆ.

60ರಿಂದ 90ನೇ ದಿನ: ಸೂಜಿ, ಹೊತ್ತು, ಹೋರಿಯ ಸಂಖ್ಯೆ.

ಸೂಜಿಯಾದ 18ರಿಂದ 24ನೇ ದಿನ: ಮತ್ತೆ ಬೆದೆಗೆ ಕಾವಲು.

ಸೂಜಿಯಾದ 60ರಿಂದ 75ನೇ ದಿನ: ಗಬ್ಬದ ಪರೀಕ್ಷೆ.

ಸೂಜಿಯಾದ 220ನೇ ದಿನ: ಹಾಲು ಬತ್ತಿಸುವುದು. 280ನೇ ದಿನದ ಆಸುಪಾಸು: ಮುಂದಿನ ಕರು.

ಓದು ಬಾರದವರು ಮಕ್ಕಳಿಂದ ಬರೆಸಲಿ. ಹಸು ಕಾಯಿಲೆ ಬಿದ್ದಾಗ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ದೊರೆಯುತ್ತದೆ. ಮೇವಿನ ಬೆಳೆಗಳ ಮಾಹಿತಿಗೆ ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೂ, ಹತ್ತಿರದ ರೈತ ಸಂಪರ್ಕ ಕೇಂದ್ರವನ್ನೂ ವಿಚಾರಿಸಬಹುದು.

ಆ ಹೆಣ್ಣುಮಗಳು ಆಮೇಲೆ ಸಂಘದ ಸಾಲದಿಂದ ಇನ್ನೊಂದು ಹಸು ತಂದರು. ಕಳೆದ ಸಲ ಹೋದಾಗ ಕೊಟ್ಟಿಗೆಯ ಬಾಗಿಲ ಹಿಂದೆ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಸೀಸದ ಕಡ್ಡಿಯಿಂದ ಮೂರು ಸುತ್ತು ಹಾಕಿದ್ದರು. "ಇದು ಕರು ಹಾಕಿದ್ದು, ಇದು ಸೂಜಿ, ಇದು ಡಾಕ್ಟರು ಕೈ ಹಾಕಿ ನೋಡಿ ಗಬ್ಬ ಅಂದದ್ದು" ಎಂದು ಬೆರಳಿಟ್ಟು ತೋರಿಸಿದರು. ಕರು ಹಾಕಿದ್ದಕ್ಕೂ ಸೂಜಿಗೂ ನಡುವೆ ಎಷ್ಟು ದಿನ ಎಂದು ಎಣಿಸಿದೆ. ಎಪ್ಪತ್ತೆಂಟು.